ಕಡಲೆಯ ಬೇರಿನಲ್ಲಿ ಗಂಟು ಕಡಿಮೆ ಇವೆ, ಯೂರಿಯಾ ಹಾಕಲೇ ಅಥವಾ ಮತ್ತೊಮ್ಮೆ ರೈಜೋಬಿಯಂ ಕೊಡಲೇ?

ಸದ್ಯಕ್ಕೆ ಎರಡೂ ಬೇಡ. ಬೀಜಕ್ಕೆ ರೈಜೋಬಿಯಂ (ಬೇರಿನ ಗಂಟಿನಲ್ಲಿದ್ದು ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಲೇಪಿಸಿದ್ದರೂ ನಲವತ್ತನೆಯ ದಿನಕ್ಕೆ ಎಲೆ ಹಳದಿ ತಿರುಗಿದ ಹೊಲ ಹಿಂದೊಮ್ಮೆ ನನ್ನದೂ ಆಗಿತ್ತು.

ಬಸವನ ಬಾಗೇವಾಡಿಯ ಸಮೀಪ ನಾಲ್ಕು ಎಕರೆ ಎರೆಹೊಲವನ್ನು ಲಾವಣಿಗೆ ಹಿಡಿದಿದ್ದೆ. ಅಲ್ಲಿ ವರ್ಷಗಟ್ಟಲೆ ಬಿಳಿಜೋಳ, ಸೂರ್ಯಕಾಂತಿಗಳನ್ನೇ ಬೆಳೆದಿದ್ದರು, ಕಡಲೆ ಬಿತ್ತಿದವರಿರಲಿಲ್ಲ. ಬೈಲಹೊಂಗಲದ ನನ್ನ ಭಾವನವರು ಮುಂಗಾರಿನ ಸೋಯಾಬೀನ್‌ಗೆ ತಂದು ಉಳಿಸಿದ್ದ ರೈಜೋಬಿಯಂ ಪಾಕೀಟುಗಳನ್ನು ಕೊಟ್ಟರು. ಅವುಗಳ ಮೇಲೆ ಸೋಯಾಬೀನ್ ಎಂದು ದಪ್ಪಕ್ಷರದಲ್ಲಿ ಮುದ್ರಿತವಾಗಿತ್ತು. ಓದಿದೆ, ಎರಡೂ ದ್ವಿದಳ ಧಾನ್ಯವೇ ತಾನೆ, ಅಣುಜೀವಿ ಒಂದೇ ಇದ್ದೀತು ಎಂದುಕೊಂಡೆ. ಅವಧಿ ಮುಗಿದಿರಲಿಲ್ಲ, ಬೀಜಕ್ಕೆ ಅಂಟಿಸಲು ಕಾಸಿದ ಬೆಲ್ಲದ ಪಾಕ ಹದವಾಗಿತ್ತು, ಬೀಜವನ್ನು ನೆರಳಿನಲ್ಲಿಯೇ ಆರಿಸಿದ್ದೆ. ಉಳಿದದ್ದೆಲ್ಲ ಸರಿಯಿದ್ದುದರಿಂದಲೇ ತಪ್ಪು ಎಲ್ಲಿದೆಯೆಂದು ಬಹಳ ದಿನ ಹೊಳೆಯಲಿಲ್ಲ.

ಕೊನೆಗೆ ಬೇರುಸಹಿತ ಗಿಡಗಳನ್ನು ಹಿಟ್ಟಿನಹಳ್ಳಿಯ ಕೃಷಿ ಮಹಾವಿದ್ಯಾಲಯಕ್ಕೆ ಒಯ್ದೆ. ಪ್ರತಿಯೊಂದು ದ್ವಿದಳ ಧಾನ್ಯದ ಸಸ್ಯವೂ ಬೇರಿನಿಂದ ತನ್ನದೇ ರಾಸಾಯನಿಕಗಳನ್ನು ಮಣ್ಣಿಗೆ ಬಿಡುತ್ತದೆ; ಅವನ್ನು ಗುರುತಿಸಿದ ಬ್ಯಾಕ್ಟೀರಿಯಾ ಮರುಸಂಕೇತ ಕಳಿಸಿದಾಗ ಮಾತ್ರ ಬೇರುರೋಮ ಸುರುಳಿಯಾಗಿ ಅದನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದು ಅಲ್ಲಿಯವರು ತಿಳಿಸಿದರು. ಸೋಯಾಬೀನ್‌ಗೆ ಒಗ್ಗುವುದು ಬ್ರಾಡಿರೈಜೋಬಿಯಂ, ಕಡಲೆಗೆ ಮೀಸೋರೈಜೋಬಿಯಂ. ಸೋಯಾಬೀನಿನ ಜೀವಿಗೂ ಕಡಲೆಗೂ ಸಂಬಂಧ ಕುದುರುವುದೇ ಇಲ್ಲ. ನನ್ನ ಗಿಡದಲ್ಲಿದ್ದ ನಾಲ್ಕಾರು ಗಂಟುಗಳು ಮಣ್ಣಿನಲ್ಲಿ ಮೊದಲೇ ಅಲ್ಪಸ್ವಲ್ಪ ಇದ್ದ ಜೀವಿಗಳ ಕೆಲಸವಾಗಿದ್ದವೇ ಹೊರತು ನಾನು ಹಚ್ಚಿದ ಪಾಕೀಟಿನದ್ದಲ್ಲ.

ಅದಕ್ಕೂ ಮುನ್ನ ಗಾಬರಿಯಿಂದ ಯೂರಿಯಾ ಎರಚಿದ್ದೆ. ಗಾಳಿಯ ಸಾರಜನಕವನ್ನು ಒದಗಿಸುವ ಜೀವಿಗೆ ಸಸ್ಯವು ಸಕ್ಕರೆ ಕೊಟ್ಟು ಸಾಕುತ್ತದೆ. ಸಾರಜನಕ ಮಣ್ಣಿನಲ್ಲಿಯೇ ಸಿಕ್ಕರೆ ಆ ಖರ್ಚನ್ನು ನಿಲ್ಲಿಸುತ್ತದೆ. ಇದ್ದ ಗಂಟುಗಳೂ ಬಾಡಿದವು, ಇಳುವರಿ ಎಕರೆಗೆ ಮೂರು ಚೀಲ ದಾಟಲಿಲ್ಲ.

ಆದ್ದರಿಂದ ಗಂಟುಗಳನ್ನು ಎಣಿಸುವುದನ್ನೇ ನಾನು ಒಪ್ಪುವುದಿಲ್ಲ. ಗಿಡವನ್ನು ಕೀಳದೆ, ಮಣ್ಣಿನ ಹೆಂಟೆಸಹಿತ ಅಗೆದು ತೆಗೆದು, ನೀರಿನಲ್ಲಿ ನೆನೆಸಿ ಬೇರನ್ನು ಬಿಡಿಸಿ. ಗಂಟುಗಳನ್ನು ಬ್ಲೇಡಿನಿಂದ ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ, ಹತ್ತೇ ಇದ್ದರೂ ಅವು ದುಡಿಯುತ್ತಿವೆ. ಆ ಬಣ್ಣ ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಲೆಗ್‌ಹಿಮೋಗ್ಲೋಬಿನ್‌ನದು. ಒಳಗೆ ಬಿಳಿ ಇದ್ದರೆ ಐವತ್ತಿದ್ದರೂ ಪ್ರಯೋಜನವಿಲ್ಲ. ಉಜ್ಜಿದರೂ ಉದುರದೆ ಬೇರೇ ಊದಿಕೊಂಡಿದ್ದರೆ ಅದು ಜಂತುಹುಳುವಿನ ಬಾಧೆ, ಆ ಮಾತೇ ಬೇರೆ.

ನಿಂತ ಬೆಳೆಗೆ ಈಗ ರೈಜೋಬಿಯಂ ಕೊಟ್ಟರೆ ಹಣ ದಂಡ. ಬಿಳಿ ಗಂಟುಗಳೇ ಇದ್ದರೆ ಹೂವಾಡುವ ಹೊತ್ತಿಗೆ ಹತ್ತು ಲೀಟರ್ ನೀರಿಗೆ 200 ಗ್ರಾಂ ಯೂರಿಯಾ ಬೆರೆಸಿ ಎಲೆಗಳಿಗೆ ಸಿಂಪಡಿಸಿ, ನೆಲಕ್ಕೆ ಹಾಕಬೇಡಿ. ಮತ್ತು ನೀವು ಈ ಸಲ ಹಚ್ಚಿದ ಪಾಕೀಟು ಮನೆಯಲ್ಲಿ ಇನ್ನೂ ಇದ್ದರೆ, ಮೊದಲು ಅದರ ಮೇಲೆ ಯಾವ ಬೆಳೆಯ ಹೆಸರಿದೆ ಎಂದು ನೋಡಿ ಇಲ್ಲಿ ಬರೆಯಿರಿ.