ಕವಳಿಕಾಯಿ: ಮೊದಲು ಸೊನೆ ಬಿಡಿಸಿ, ಆಮೇಲೆ ಒಲೆ ಹಚ್ಚಿ

ಕಾಡಂಚಿನಲ್ಲಿ, ಕಲ್ಲುಗುಡ್ಡದ ಮೇಲೆ, ಹಳೆಯ ಹೊಲದ ಬದುವಿನಲ್ಲಿ ಯಾರೂ ನೀರು ಹಾಕದೆ ಬೆಳೆಯುವ ನಿತ್ಯಹಸಿರು ಮುಳ್ಳುಪೊದೆ ಕವಳಿ. ಅದರ ಕಾಯಿ, ಹಣ್ಣು, ಬೇಲಿ, ಔಷಧ ಅಂತ ಕೇಳಿ ಬಂದ ಪತ್ರಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ.

ಕವಳಿ, ಕರಂಡೆ, ಹೆಗ್ಗರ್ಜಿಗೆ ಎಲ್ಲವೂ ಒಂದೇ ಗಿಡವೇ? (ಕುಂದಾಪುರ)

ಒಂದೇ. ಬಯಲುಸೀಮೆಯ ಉತ್ತರಕ್ಕೂ ಮಲೆನಾಡಿಗೂ ಕವಳಿ, ಕರಾವಳಿಗೆ ಕರಂಡೆ, ನಿಘಂಟಿಗೆ ಹೆಗ್ಗರ್ಜಿಗೆ, ಸಂಸ್ಕೃತದಲ್ಲಿ ಕರಮರ್ದ, ಗಡಿಯಾಚೆ ಮರಾಠಿಯಲ್ಲಿ ಕರವಂದ. ಸಸ್ಯಶಾಸ್ತ್ರದ ಹೆಸರು ಕ್ಯಾರಿಸ್ಸಾ ಕ್ಯಾರಂಡಸ್. ಇದರದೇ ಸೋದರ ಕ್ಯಾರಿಸ್ಸಾ ಸ್ಪೈನೇರಮ್ ಒಣಗುಡ್ಡಗಳಲ್ಲಿ ಸಿಗುತ್ತದೆ. ಅದರ ಹಣ್ಣು ಬಟಾಣಿಯಷ್ಟೇ ಚಿಕ್ಕದು, ಆದರೂ ತಿನ್ನಲು ಚೆನ್ನ. ಎರಡನ್ನೂ ಜನ ಕವಳಿ ಅಂತಲೇ ಕರೆಯುವುದರಿಂದ ಗೊಂದಲ.

ಪ್ರತಿ ವರ್ಷ ಕವಳಿಕಾಯಿ ಉಪ್ಪಿನಕಾಯಿ ಹಾಕುತ್ತೇವೆ. ಒಂದು ವರ್ಷ ಬೂಸಲು, ಇನ್ನೊಂದು ವರ್ಷ ಕಾಯಿ ಮೆತ್ತಗೆ, ಹೋದ ವರ್ಷ ಕಹಿ. ಎಲ್ಲಿ ತಪ್ಪುತ್ತಿದೆ? (ಶಿರಸಿ)

ಮೂರೂ ಬೇರೆ ಬೇರೆ ತಪ್ಪುಗಳು. ಮೊದಲಿಂದ ಬರೋಣ.

ಕಾಯಿ ಆರಿಸುವಾಗ ಒಂದನ್ನು ಅಡ್ಡಕ್ಕೆ ಕೊಯ್ದು ನೋಡಿ. ಒಳಗಿನ ಬೀಜ ಬೆಳ್ಳಗಿದ್ದು ಚಾಕುವಿಗೆ ಏನೂ ಅಡ್ಡಿ ಮಾಡದಿದ್ದರೆ ಹದ ಸರಿ. ಬೀಜ ಕಂದಾಗಿ ಗಟ್ಟಿಯಾಗಿದ್ದರೆ, ಕಾಯಿಯ ಒಂದು ಕೆನ್ನೆ ಗುಲಾಬಿಗೆ ತಿರುಗಿದ್ದರೆ, ಅದು ಭರಣಿಯಲ್ಲಿ ಮೆತ್ತಗಾಗುವ ಕಾಯಿ. ಅಂಥದ್ದನ್ನು ಗೊಜ್ಜಿಗೋ ಚಟ್ನಿಗೋ ತೆಗೆದಿಡಿ. ಹುಣಸೆಹಣ್ಣಿನ ಬದಲು ಸಾರಿಗೆ, ಮೀನಿನ ಪದಾರ್ಥಕ್ಕೆ ಜಜ್ಜಿ ಹಾಕಿದರೂ ಹುಳಿ ಚೆನ್ನಾಗಿ ಹಿಡಿಯುತ್ತದೆ.

ಇನ್ನು ಸೊನೆ. ತೊಟ್ಟು ಮುರಿದ ಕೂಡಲೇ ಬಿಳಿ ಹಾಲು ಮಣಿಯ ಹಾಗೆ ಉಬ್ಬಿ, ಕಾಯಿಯ ಮೈಮೇಲೆ ಇಳಿದು, ಗಾಳಿಗೆ ಅಂಟಾಗಿ ಕಂದು ಕಲೆ ಕಟ್ಟುತ್ತದೆ. ಆದ್ದರಿಂದ ತೊಟ್ಟನ್ನು ನೀರಿನೊಳಗೇ ಮುರಿಯಿರಿ. ಅಗಲ ಪಾತ್ರೆಯ ನೀರಿಗೆ ಒಂದು ಹಿಡಿ ಕಲ್ಲುಪ್ಪು ಹಾಕಿ, ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಕೂತರೆ ಕೆಲಸ ಸಲೀಸು. ಮೂರು ಗಂಟೆ ನೆನೆಯಲಿ, ನಡುವೆ ಎರಡು ಸಲ ನೀರು ಬದಲಿಸಿ. ನೀರಿನ ಅಂಚಿಗೆ, ಪಾತ್ರೆಯ ಒಳಮೈಗೆ, ಬೂದು ಬಣ್ಣದ ಅಂಟು ಉಂಗುರ ಕಟ್ಟಿದರೆ ಸೊನೆ ಬಿಟ್ಟಿದೆ ಅಂತ ಅರ್ಥ. ನೀವು ಬರೆದ ಕಹಿಗೆ ಅರ್ಧ ಕಾರಣ ಇದನ್ನು ಅವಸರದಲ್ಲಿ ಮಾಡಿದ್ದು. ಇನ್ನರ್ಧ ಮೆಂತ್ಯ ಹೊತ್ತಿಸಿದ್ದು ಅಥವಾ ಸಾಸಿವೆಯನ್ನು ಮಿಕ್ಸಿಯಲ್ಲಿ ಬಿಸಿಯಾಗುವಷ್ಟು ಹೊತ್ತು ತಿರುಗಿಸಿದ್ದು.

ಕಾಯಿಯನ್ನು ಬಟ್ಟೆಯ ಮೇಲೆ ನೆರಳಲ್ಲಿ ಹರಡಿ ಪೂರ್ತಿ ಆರಿಸಿ. ಕವಳಿಯ ಸಿಪ್ಪೆ ದಪ್ಪ, ಮಾವಿನ ಮಿಡಿಯಂತೆ ತಾನಾಗಿ ಉಪ್ಪು ಕುಡಿಯುವುದಿಲ್ಲ. ತೊಟ್ಟಿನ ಕಡೆಯಿಂದ ಪ್ರತಿ ಕಾಯಿಗೂ ಸೂಜಿಯಲ್ಲಿ ಎರಡು ಸಲ ಚುಚ್ಚಿ. 1 ಕಿಲೋ ಕಾಯಿಗೆ 250 ಗ್ರಾಂ ಕಲ್ಲುಪ್ಪು, 750 ಮಿಲಿ ನೀರು. ಉಪ್ಪುನೀರನ್ನು ಕುದಿಸಿ, ಪೂರಾ ತಣಿಸಿ, ಸೋಸಿ, ಕಾಯಿ ತುಂಬಿದ ಭರಣಿಗೆ ಹೊಯ್ಯಿರಿ. ಮೇಲೆ ತೊಳೆದು ಒಣಗಿಸಿದ ಕಲ್ಲು ಅಥವಾ ಪಿಂಗಾಣಿ ಬಟ್ಟಲು ಹೇರಲೇಬೇಕು. ತೇಲಿದ ಕಾಯಿಯೇ ಬೂಸಲಿಗೆ ಮೊದಲ ಮನೆ. ಹದಿನೈದು ದಿನಕ್ಕೆ ಎಳೆಹಸಿರು ಹೋಗಿ ಕಾಯಿ ಮಾಸಲು ಹಳದಿಹಸಿರಿಗೆ ತಿರುಗುತ್ತದೆ. ಒಂದನ್ನು ಕಚ್ಚಿದಾಗ ನಡುವಿನ ತನಕ ಉಪ್ಪು ಸಿಗಬೇಕು.

ಖಾರಕ್ಕೆ: ಬಿಸಿಲಲ್ಲಿ ಗರಿಗರಿ ಒಣಗಿಸಿದ ಬ್ಯಾಡಗಿ ಮೆಣಸು 100 ಗ್ರಾಂ, ಹಸಿ ಸಾಸಿವೆ 60 ಗ್ರಾಂ, ಹದವಾಗಿ ಹುರಿದ ಮೆಂತ್ಯ ಅರ್ಧ ಚಮಚ, ಅರಿಸಿನ ಒಂದು ಚಮಚ, ಕಡಲೆಕಾಳಿನಷ್ಟು ಇಂಗು. ಸಾಸಿವೆಯನ್ನು ನಿಲ್ಲಿಸಿ ನಿಲ್ಲಿಸಿ ಪುಡಿ ಮಾಡಿ. ಭರಣಿಯ ಉಪ್ಪುನೀರನ್ನು ಬಸಿದು, ಅದರಲ್ಲಿ ಸುಮಾರು 300 ಮಿಲಿ ಕುದಿಸಿ ತಣಿಸಿ ಖಾರ ಕಲಸಿ, ಕಾಯಿಗೆ ಸೇರಿಸಿ. ಬಿಸಿ ಇದ್ದಾಗ ಸೇರಿಸಿದರೆ ಮತ್ತೆ ಮೆತ್ತಗಾಗುತ್ತದೆ. ಒಂದು ತಿಂಗಳು ಬಿಟ್ಟು ತೆಗೆಯಿರಿ.

ಉಪ್ಪು ಕಡಿಮೆ ತಿನ್ನಬೇಕೆಂದು ಭರಣಿಯಲ್ಲೇ ಕಡಿಮೆ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಎಲೆಗೆ ಕಡಿಮೆ ಬಡಿಸಿಕೊಳ್ಳಿ, ಭರಣಿಗೆ ಪೂರ್ತಿ ಹಾಕಿ. ಉಪ್ಪುನೀರಿನ ಮೇಲೆ ತೆಳುವಾದ ಬಿಳಿ ಕೆನೆ ಬಂದರೆ ತೆಗೆದುಹಾಕಿ ಮುಂದುವರಿಯಬಹುದು. ಹಸಿರು, ಕಪ್ಪು ರೋಮದಂಥ ಬೂಸಲು ಕಾಯಿಗೇ ಹತ್ತಿದ್ದರೆ ಅದನ್ನು ಉಳಿಸಲು ನೋಡಬೇಡಿ.

ಕಪ್ಪಗೆ ಹಣ್ಣಾದ ಕವಳಿಯಿಂದ ಜೆಲ್ಲಿ ಮಾಡಿದೆ. ಎಷ್ಟು ಕುದಿಸಿದರೂ ಪಾನಕದಂತೆಯೇ ಉಳಿಯಿತು. (ಬೆಂಗಳೂರು)

ಬರೀ ಕಪ್ಪು ಹಣ್ಣು ಹಾಕಿದ್ದೇ ಕಾರಣ. ಜೆಲ್ಲಿ ಗಟ್ಟಿಯಾಗಲು ಬೇಕಾದ ಪೆಕ್ಟಿನ್ ಕಾಯಿಯಲ್ಲಿ, ಕೆಂಪು ತಿರುಗಿದ ದೋರೆಯಲ್ಲಿ ಹೆಚ್ಚು. ಹಣ್ಣು ಮಾಗಿದಷ್ಟೂ ಅದು ಒಡೆದುಹೋಗುತ್ತದೆ. ಕಪ್ಪು ಹಣ್ಣು ಬಣ್ಣಕ್ಕೂ ರುಚಿಗೂ ಇರಲಿ, ಕಟ್ಟುವುದಕ್ಕೆ ಅರ್ಧದಷ್ಟಾದರೂ ಕೆಂಪು ದೋರೆಗಾಯಿ ಬೇಕು.

ಅರ್ಧರ್ಧ ಕಿಲೋ ಎರಡನ್ನೂ ತೊಳೆದು, ಮುಳುಗುವಷ್ಟು ನೀರಿಟ್ಟು, ಸ್ಟೀಲ್ ಪಾತ್ರೆಯಲ್ಲಿ ಇಪ್ಪತ್ತೈದು ನಿಮಿಷ ಸಣ್ಣ ಉರಿಯಲ್ಲಿ ಬೇಯಿಸಿ ಮಸೆಯಿರಿ. ಹುಳಿ ಜಾಸ್ತಿ, ಹಾಗಾಗಿ ಅಲ್ಯೂಮಿನಿಯಂ, ಕಬ್ಬಿಣ ಬೇಡ. ಮೇಲೆ ಬರುವ ಅಂಟು ನೊರೆಯೂ ಸೊನೆಯೇ, ಸೌಟಿನಲ್ಲಿ ತೆಗೆಯುತ್ತಿರಿ. ತೆಳುಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ತೂಗುಹಾಕಿ. ಹಿಂಡಿದರೆ ರಸ ಹೆಚ್ಚು ಸಿಗುತ್ತದೆ, ಜೆಲ್ಲಿ ಮಾತ್ರ ಮಸುಕಾಗುತ್ತದೆ.

ಒಂದು ಲೋಟ ರಸಕ್ಕೆ ಮುಕ್ಕಾಲು ಲೋಟ ಸಕ್ಕರೆ. ಸಕ್ಕರೆ ಕರಗಿದ ಮೇಲೆ ಜೋರು ಉರಿಯಲ್ಲಿ ಬೇಗ ಕುದಿಸಿ. ತಾಸುಗಟ್ಟಲೆ ಕುದಿಸಿದರೆ ಇರುವ ಪೆಕ್ಟಿನ್ನೂ ಹಾಳು. ಥರ್ಮಾಮೀಟರ್ ಇದ್ದರೆ ಪುಸ್ತಕಗಳು 105 ಡಿಗ್ರಿ ಸೆಲ್ಸಿಯಸ್ ಅನ್ನುತ್ತವೆ. ಅದು ಸಮುದ್ರಮಟ್ಟದ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರೇ 97 ಡಿಗ್ರಿಗೆ ಕುದಿಯುತ್ತದೆ. ಹಾಗಾಗಿ ನಿಮಗೆ 102 ಸಾಕು. 105ರ ತನಕ ಕಾದರೆ ಜೆಲ್ಲಿಯಲ್ಲ, ಅಂಟುಮಿಠಾಯಿ ಆದೀತು. ಥರ್ಮಾಮೀಟರ್ ಇಲ್ಲವೇ? ಸೌಟನ್ನು ಅದ್ದಿ ಓರೆಯಾಗಿ ಹಿಡಿಯಿರಿ. ಮೊದಲು ಹನಿಹನಿಯಾಗಿ ಬೀಳುತ್ತದೆ. ಆಮೇಲೆ ಎರಡು ಹನಿ ಅಂಚಿನಲ್ಲಿ ಒಂದನ್ನೊಂದು ಹಿಡಿದುಕೊಂಡು, ಒಂದೇ ಹಾಳೆಯಂತೆ ಜೋತು, ತಡೆದು ಬೀಳುತ್ತದೆ. ಅದೇ ಗಳಿಗೆಗೆ ಒಲೆ ಆರಿಸಿ.

ಹತ್ತು ಗುಂಟೆ ತೋಟಕ್ಕೆ ತಂತಿಬೇಲಿ ಹಾಕುವ ಶಕ್ತಿಯಿಲ್ಲ. ಕವಳಿ ಬೇಲಿ ಎಷ್ಟು ವರ್ಷಕ್ಕೆ ಆಡು ತಡೆಯುತ್ತದೆ? ಎಷ್ಟು ಸಸಿ ಬೇಕು? ಕಡ್ಡಿ ನೆಟ್ಟರೆ ಬರುತ್ತದೆಯೇ? (ಹಿರೇಕೆರೂರು)

ಬಹಳ ಒಳ್ಳೆಯ ಯೋಚನೆ. ಒಮ್ಮೆ ಹಿಡಿದುಕೊಂಡ ಕವಳಿ ಬೇಲಿಗೆ ನೀರಿಲ್ಲ, ಗೊಬ್ಬರವಿಲ್ಲ, ಮೇಲಿಂದ ಹಣ್ಣು.

ಲೆಕ್ಕ ಹೀಗೆ. ಚೌಕಾಕಾರದ ಹತ್ತು ಗುಂಟೆಯ ಸುತ್ತಳತೆ ಸುಮಾರು 420 ಅಡಿ. ಮೂರು ಅಡಿಗೆ ಒಂದರಂತೆ 140 ಸಸಿ. ಆಡಿನ ಕಾಟ ಜೋರಿದ್ದರೆ ಒಂದೂವರೆ ಅಡಿ ಒಳಗೆ ಇನ್ನೊಂದು ಸಾಲನ್ನು ಮೊದಲನೆಯದರ ಸಂದಿಗೆ ಬರುವಂತೆ ನೆಡಿ, ಆಗ 280. ಸಾಯುವುದಕ್ಕೆಂದು ಹತ್ತರಲ್ಲಿ ಒಂದು ಹೆಚ್ಚು ಬೆಳೆಸಿಕೊಳ್ಳಿ. ಪಕ್ಕದ ಹೊಲದ ಗಡಿಯಿಂದ ಮೂರಡಿ ಒಳಗೆ ನೆಟ್ಟರೆ ಮುಂದೆ ಜಗಳವಿಲ್ಲ.

ಕಡ್ಡಿ ನೆಟ್ಟರೆ ಬೇರು ಬಿಡುವುದು ಕಷ್ಟ. ಬೀಜವೇ ಸುಲಭ, ಆದರೆ ಒಂದು ಷರತ್ತಿದೆ: ಕವಳಿ ಬೀಜ ಒಣಗಿಸಿ ಡಬ್ಬಿಯಲ್ಲಿಡುವ ಬೀಜವಲ್ಲ. ಮೊಳೆಯುವ ಶಕ್ತಿ ಬೇಗ ಹೋಗುತ್ತದೆ. ಪೂರ್ತಿ ಕಪ್ಪಾದ ಹಣ್ಣನ್ನು ಹಿಸುಕಿ, ಬೂದಿ ಬೆರೆಸಿ ಉಜ್ಜಿ, ತೊಳೆದು, ನೆರಳಲ್ಲಿ ಒಂದು ದಿನ ಆರಿಸಿ, ವಾರದೊಳಗೆ ಬಿತ್ತಿ. ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಸಮಸಮ ತುಂಬಿದ ಚೀಲಕ್ಕೆ ಎರಡು ಬೀಜ, ಅರ್ಧ ಇಂಚು ಆಳ. ಮೂರು ನಾಲ್ಕು ವಾರಕ್ಕೆ ಮೊಳಕೆ. ಮೊದಲ ವರ್ಷ ಸಸಿ ನಿಧಾನ, ಗೇಣುದ್ದ ಬಂದರೆ ಹೆಚ್ಚು. ಮರುವರ್ಷದ ಮುಂಗಾರಿಗೆ ನೆಡಿ. ದೊಡ್ಡ ಕಾಯಿ ಬಿಡುವ ಒಂದು ಗಿಡ ಕಣ್ಣಿಗೆ ಬಿದ್ದಿದ್ದರೆ ಅದರಿಂದ ಮಳೆಗಾಲದಲ್ಲಿ ಗೂಟಿ ಕಟ್ಟಿ (ಕೊಂಬೆ ಗಿಡದಲ್ಲಿರುವಾಗಲೇ ಅದರ ಸಿಪ್ಪೆ ಸುಲಿದು, ತೇವದ ಮಣ್ಣು ಕಟ್ಟಿ ಬೇರು ಬರಿಸುವುದು). ಬೀಜದ ಗಿಡಗಳು ತಾಯಿಯಂತೆಯೇ ಬರುತ್ತವೆಂಬ ಭರವಸೆಯಿಲ್ಲ.

ಬೇಲಿ ಸೋಲುವುದು ಬುಡದಲ್ಲಿ. ಸಸಿಯನ್ನು ತನ್ನಷ್ಟಕ್ಕೆ ಬಿಟ್ಟರೆ ಮೇಲೆ ದಟ್ಟ, ಕೆಳಗೆ ಬಯಲು. ಆಡಿಗೆ ಅಷ್ಟೇ ದಾರಿ ಸಾಕು. ನೆಟ್ಟು ಗಿಡ ನಿಂತ ಮೇಲೆ ನೆಲದಿಂದ ಒಂದಡಿಗೆ ತುದಿ ಕತ್ತರಿಸಿ. ಬುಡದಿಂದ ನಾಲ್ಕೈದು ಚಿಗುರು ಬರುತ್ತದೆ. ಅವು ಎರಡಡಿ ಆದಾಗ ಮತ್ತೊಮ್ಮೆ. ನಿಮಗೆ ಮನಸ್ಸು ಬರಲಿಕ್ಕಿಲ್ಲ, ಆದರೂ ಕತ್ತರಿಸಿ. ಮೊದಲ ಎರಡು ವರ್ಷ ಎಳೆ ಚಿಗುರನ್ನು ಆಡು ತಿನ್ನುತ್ತದೆ, ಮುಳ್ಳು ಬಲಿತಿರುವುದಿಲ್ಲ, ಅಷ್ಟು ದಿನ ಒಣಮುಳ್ಳು ಒಡ್ಡಿ ಕಾಯಬೇಕು. ಮೂರನೇ ವರ್ಷ ಕಾಯಿ ಕಾಣುತ್ತದೆ, ನಾಲ್ಕಕ್ಕೆ ಬೇಲಿ ಬಲಗೊಳ್ಳುತ್ತದೆ. ಸವರುವುದು ಹಣ್ಣು ಮುಗಿದ ಮೇಲೆ, ಮಳೆ ಶುರುವಿನಲ್ಲಿ. ಡಿಸೆಂಬರ್, ಜನವರಿಯಲ್ಲಿ ಸವರಿದರೆ ಹೂ ಬರುವ ತುದಿಗಳೇ ಹೋಗಿ ಆ ವರ್ಷ ಹಣ್ಣಿಲ್ಲ. ಬರಗಾಲ ತಡೆಯುವ ಈ ಗಿಡ ಬುಡದಲ್ಲಿ ನೀರು ನಿಂತರೆ ಸಾಯುತ್ತದೆ. ತಗ್ಗಿನಲ್ಲಿ ಮಣ್ಣೇರಿಸಿ ನೆಡಿ.

ಉದ್ಯಾನದ ಮುಳ್ಳುಬೇಲಿಯಿಂದ ಮಗು ಕೆಂಪು ಹಣ್ಣು ಕಿತ್ತು ತಿಂದಿತು. ಕವಳಿಯೋ ವಿಷವೋ ತಿಳಿಯುವುದು ಹೇಗೆ? (ಮೈಸೂರು)

ಕವಳಿಯಾದರೆ ನಾಲ್ಕೂ ಗುರುತು ಒಟ್ಟಿಗೆ ಇರಬೇಕು: ಗಟ್ಟಿ ಮುಳ್ಳು, ಎದುರುಬದುರು ಕೂತ ದಪ್ಪ ಹೊಳೆಯುವ ಎಲೆ, ಮುರಿದರೆ ಬಿಳಿ ಹಾಲು, ಹಣ್ಣಿನೊಳಗೆ ಕೆಲವೇ ಚಪ್ಪಟೆ ಬೀಜ. ನಗರದ ಬೇಲಿಗಳಲ್ಲಿ ದೊಡ್ಡ ನಕ್ಷತ್ರದಂಥ ಬಿಳಿ ಹೂ, ಕವಲೊಡೆದ ಮುಳ್ಳು, ಒಂದಿಂಚಿಗೂ ದೊಡ್ಡ ಕೆಂಪು ಹಣ್ಣು ಇರುವುದು ದಕ್ಷಿಣ ಆಫ್ರಿಕಾದಿಂದ ಬಂದ ನೇಟಾಲ್ ಪ್ಲಮ್. ಕವಳಿಯ ನೆಂಟ, ಮಾಗಿದ ಹಣ್ಣು ತಿನ್ನಬಹುದು. ಹಾಲಿಲ್ಲದೆ, ಗೊಂಚಲು ಗೊಂಚಲು ಚಿಕ್ಕ ಹಳದಿ ಹಣ್ಣಿದ್ದರೆ ಡುರಾಂಟ, ಅದು ವಿಷ. ಎಲ್ಲಕ್ಕಿಂತ ಭಯಪಡಬೇಕಾದ್ದು ಹಳದಿ ಕಣಗಿಲೆ: ಬಿಳಿ ಹಾಲಿದೆ, ಮುಳ್ಳಿಲ್ಲ, ಎಲೆ ಕಿರಿದು ಉದ್ದ, ಕಾಯಿಯೊಳಗೆ ಒಂದೇ ದೊಡ್ಡ ಗೊರಟು. ಕವಳಿಯದೇ ಕುಟುಂಬ, ಆದರೆ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಗುರುತು ಖಚಿತವಿಲ್ಲದಿದ್ದರೆ ಮನೆಮದ್ದು ಮಾಡುತ್ತಾ ಕೂರದೆ, ಎಲೆ ಕಾಯಿ ಇರುವ ರೆಂಬೆಯನ್ನು ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಹೋಗಿ.

ಕವಳಿ ಹಣ್ಣು ರಕ್ತ ಹೆಚ್ಚಿಸುತ್ತದಂತೆ. ತಾಯಿಗೆ ಕಬ್ಬಿಣಾಂಶದ ಮಾತ್ರೆ ಬದಲು ಕೊಡಬಹುದೇ? ಬೇರಿನ ಕಷಾಯವೂ ಒಳ್ಳೆಯದೆನ್ನುತ್ತಾರೆ. (ಗದಗ)

ಮಾತ್ರೆಯ ಬದಲು ಬೇಡ, ಮಾತ್ರೆಯ ಜೊತೆಗೆ ಕೊಡಿ. ಕವಳಿಯ ಕಬ್ಬಿಣಾಂಶದ ಬಗ್ಗೆ ಎಲ್ಲೆಡೆ ಹರಿದಾಡುವ ದೊಡ್ಡ ಅಂಕಿ ಒಣಗಿಸಿದ ಹಣ್ಣಿನದು. ತಾಜಾ ಹಣ್ಣಿನ ಬಹುಪಾಲು ನೀರು, ಆ ಅಂಕಿಯನ್ನು ಅದಕ್ಕೆ ಹಚ್ಚುವಂತಿಲ್ಲ. ಅದರ ನಿಜವಾದ ಉಪಕಾರ ಬೇರೆ: ಹಣ್ಣಿನ ಹುಳಿ ಮತ್ತು ಸಿ ಜೀವಸತ್ವ, ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ನೆರವಾಗುತ್ತದೆ. ರೊಟ್ಟಿ, ಪುಂಡಿಪಲ್ಯ, ಹೆಸರುಕಾಳಿನ ಊಟದ ಜೊತೆ ಹಸಿ ಕವಳಿಯ ಚಟ್ನಿ ಬಡಿಸಿ. ಊಟವಾದ ಕೂಡಲೇ ಚಹಾ ಕೊಡಬೇಡಿ, ಬಂದ ಲಾಭ ಹೋಗುತ್ತದೆ. ರಕ್ತದೊತ್ತಡ ಇದ್ದರೆ ಉಪ್ಪಿನಕಾಯಿಯ ರೂಪದಲ್ಲಿ ಬೇಡ.

ಬೇರಿನ ಮಾತು ಖಂಡಿತ ಬೇಡ. ಹೃದಯದ ಮೇಲೆ ಕೆಲಸ ಮಾಡುವ ವಸ್ತುಗಳು ಕವಳಿ ಬೇರಿನಲ್ಲಿವೆ. ಅಂದಾಜಿನ ಮೇಲೆ ಕುದಿಸಿ ಕುಡಿಸುವಂಥದ್ದಲ್ಲ.

ಬೇಕರಿ ಕೇಕಿನ ಮೇಲಿನ ಕೆಂಪು ಚೆರ್ರಿ ನಿಜವಾಗಿ ಕವಳಿಯೇ? (ದಾವಣಗೆರೆ)

ನಮ್ಮಲ್ಲಿ ಅಗ್ಗಕ್ಕೆ ಸಿಗುವುದು ಬಹುಮಟ್ಟಿಗೆ ಅದೇ. ಕಾಯಿಯ ಬೀಜ ತೆಗೆದು, ಬಣ್ಣ ಬಿಡಿಸಿ, ಕೆಂಪು ಬಣ್ಣ ಕಟ್ಟಿ, ದಿನದಿಂದ ದಿನಕ್ಕೆ ಗಟ್ಟಿಯಾಗುವ ಸಕ್ಕರೆ ಪಾಕದಲ್ಲಿ ನೆನೆಸುತ್ತಾರೆ. ಕೊನೆಗೆ ಉಳಿಯುವುದು ಕವಳಿಯ ಆಕಾರ, ಸಕ್ಕರೆಯ ರುಚಿ.

ಹಣ್ಣು ತಿಂದರೆ ತುಟಿ ಅಂಟುತ್ತದೆ, ಬಟ್ಟೆಗೆ ಬಿದ್ದ ಸೊನೆ ಹೋಗುವುದಿಲ್ಲ. (ಖಾನಾಪುರ)

ಪೂರ್ತಿ ಕಪ್ಪಾಗಿ, ಮುಟ್ಟಿದರೆ ಕೈಗೆ ಬರುವ ಹಣ್ಣನ್ನೇ ಕೀಳಿ, ಅದರಲ್ಲಿ ಸೊನೆ ಅತಿ ಕಡಿಮೆ. ತಿನ್ನುವ ಮೊದಲು ಅರ್ಧ ಗಂಟೆ ತಣ್ಣೀರಲ್ಲಿ ಹಾಕಿಡಿ. ಬಟ್ಟೆಗೆ ನೇರ ಸೋಪು ಹಚ್ಚಬೇಡಿ, ನೀರಿಗೆ ಸೊನೆ ಜಗ್ಗುವುದಿಲ್ಲ. ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಅಂಟು ಸಡಿಲವಾದಾಗ ಚಮಚದ ಅಂಚಿನಿಂದ ಕೆರೆದು, ಆಮೇಲೆ ಸೋಪು ಹಚ್ಚಿ ಬಿಸಿನೀರಲ್ಲಿ ತೊಳೆಯಿರಿ. ಕತ್ತರಿ, ಚಾಕುವಿಗೂ ಇದೇ ಉಪಾಯ.