ಅಮೆರಿಕದಲ್ಲಿ ಹೈಸ್ಕೂಲ್ ಮುಗಿಸಲು ಸಿವಿಕ್ಸ್ ಓದಲೇಬೇಕಾ?

ಅದು ಮಗು ಓದುವ ರಾಜ್ಯವನ್ನು ಅವಲಂಬಿಸಿದೆ. ದೇಶಕ್ಕೆಲ್ಲ ಒಂದೇ ನಿಯಮ ಇಲ್ಲ. ಅಲ್ಲಿನ ಸಂವಿಧಾನದಲ್ಲಿ ಶಿಕ್ಷಣದ ಪ್ರಸ್ತಾಪವೇ ಇಲ್ಲ. ಕೇಂದ್ರಕ್ಕೆ ಕೊಡದ ಅಧಿಕಾರ ರಾಜ್ಯಗಳಿಗೆ ಇಲ್ಲವೇ ಜನರಿಗೆ ಸೇರಿದ್ದು ಅನ್ನುತ್ತದೆ 10ನೇ ತಿದ್ದುಪಡಿ. ಹಾಗಾಗಿ ಡಿಪ್ಲೊಮಾ, ಅಂದರೆ ಹೈಸ್ಕೂಲ್ ಪಾಸಾದ ಪ್ರಮಾಣಪತ್ರ ಸಿಗಲು ಏನೇನು ಓದಬೇಕು ಅಂತ ಆಯಾ ರಾಜ್ಯವೇ ಗೊತ್ತು ಮಾಡುತ್ತದೆ.

ಕ್ಯಾಲಿಫೋರ್ನಿಯಾದಲ್ಲಿ ಒಂದು ಸೆಮಿಸ್ಟರ್ ಸಿವಿಕ್ಸ್ ಕಡ್ಡಾಯ. ಅರಿಜೋನಾ 2015ರಲ್ಲಿ ಪರೀಕ್ಷೆಯನ್ನೇ ತಂದಿತು. ಪೌರತ್ವ ಕೇಳುವ ವಲಸಿಗರಿಗೆ ಆಗ ಇದ್ದ 100 ಪ್ರಶ್ನೆಗಳನ್ನೇ ಮಕ್ಕಳಿಗೂ ಇಟ್ಟಿತು. ಆಗ 60 ಸರಿಯಾದರೆ ಪಾಸ್ ಅಂತ ಇತ್ತು. ಸೆನೆಟ್‌ನಲ್ಲಿ ಎಷ್ಟು ಸದಸ್ಯರು, ಅಧ್ಯಕ್ಷರ ಅವಧಿ ಎಷ್ಟು ವರ್ಷ, ಈ ಥರದ ಪ್ರಶ್ನೆಗಳು. ಅಲ್ಲಿ ಪೌರತ್ವ ಪಡೆದ ಕನ್ನಡಿಗ ಅಪ್ಪ ಅಮ್ಮಂದಿರಿಗೆ ಇವು ಚೆನ್ನಾಗಿ ಗೊತ್ತಿರುತ್ತವೆ. ಆಮೇಲೆ ಹಲವು ರಾಜ್ಯಗಳು ಇದೇ ದಾರಿ ಹಿಡಿದವು.

ನನಗೆ ಜಾಸ್ತಿ ಹಿಡಿಸಿದ್ದು ಮ್ಯಾಸಚೂಸೆಟ್ಸ್‌ನ 2018ರ ಕಾನೂನು. ಅದರ ಪ್ರಕಾರ 8ನೇ ತರಗತಿಯಲ್ಲೊಮ್ಮೆ, ಹೈಸ್ಕೂಲಿನಲ್ಲೊಮ್ಮೆ ವಿದ್ಯಾರ್ಥಿಗಳೇ ಮುನ್ನಡೆಸುವ ಸಿವಿಕ್ಸ್ ಪ್ರಾಜೆಕ್ಟಿಗೆ ಸರ್ಕಾರಿ ಶಾಲೆಗಳು ಅವಕಾಶ ಕೊಡಲೇಬೇಕು. ಸುಮ್ನೆ ಉತ್ತರ ಬಾಯಿಪಾಠ ಮಾಡಿದರೆ ಅಲ್ಲಿ ಸಾಲದು.