ಮಡಿಕೇರಿಯ ಚಳಿಗೆ ರಂಬುಟಾನ್ ಗಿಡ ಬದುಕುತ್ತದಾ?

ಬದುಕುತ್ತದೆ, ಆದರೆ ಎಲ್ಲಿ ನೆಡುತ್ತೀರಿ ಅನ್ನೋದೇ ಮುಖ್ಯ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ‘ಅರ್ಕಾ ಕೂರ್ಗ್ ಅರುಣ್’ ಅನ್ನೋ ರಂಬುಟಾನ್ ತಳಿಯನ್ನೇ ಕೊಟ್ಟಿದ್ದಾರೆ, ಹಾಗಾಗಿ ಕೊಡಗಿಗೆ ಇದು ಹೊಸದಲ್ಲ. ಮಡಿಕೇರಿ ಮಾತ್ರ ಸುಮಾರು 1,150 ಮೀಟರ್ ಎತ್ತರದಲ್ಲಿದೆ, ಚಳಿ ಜಾಸ್ತಿ. 10 ಡಿಗ್ರಿಗಿಂತ ಕೆಳಗಿಳಿದರೆ ಎಳೆ ಗಿಡ ಸೊರಗುತ್ತದೆ.

ನಾನು ಎರಡು ಕಸಿ ಗಿಡ ನೆಟ್ಟಿದ್ದೆ. ಗದ್ದೆ ಪಕ್ಕದ್ದರ ಎಲೆ ಅಂಚು ಜನವರಿಯಲ್ಲಿ ಸುಟ್ಟ ಕಾಗದದ ಹಾಗಾಯಿತು, ಬಚ್ಚಲುಮನೆ ಗೋಡೆ ಪಕ್ಕದ್ದಕ್ಕೆ ಏನೂ ಆಗಲಿಲ್ಲ. ತಣ್ಣನೆ ಗಾಳಿ ನೀರಿನ ಹಾಗೆ ಇಳಿಜಾರಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ, ಅಲ್ವಾ? ಗೋಡೆಯಾದರೆ ಹಗಲು ಹೀರಿದ ಬಿಸಿಯನ್ನು ರಾತ್ರಿ ಬಿಡುತ್ತದೆ.

ಮಳೆಗಾಲ ಮುಗಿದ ಮೇಲೆ ಯೂರಿಯಾ ಬೇಡ, ಆಗ ಬರುವ ಎಳೆ ಚಿಗುರೇ ಚಳಿಗೆ ಮೊದಲು ಹೋಗೋದು. ಬುಡಕ್ಕೆ ಒಣ ಎಲೆ ಹಾಸಿ, ಕಾಂಡಕ್ಕೆ ತಾಗಿಸಬೇಡಿ. ಮೊದಲ ಎರಡು ಚಳಿಗಾಲ ನಾಲ್ಕು ಕೋಲು ನೆಟ್ಟು ಸಂಜೆ ಗೋಣಿಚೀಲ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಕೊಂಬೆ ಒಣಗಿತು ಅಂತ ಸುಮ್ನೆ ಕತ್ತರಿಸಬೇಡಿ. ಏಪ್ರಿಲ್ ಮಳೆ ಬಿದ್ದ ಮೇಲೆ ತೊಗಟೆಯನ್ನು ಉಗುರಲ್ಲಿ ಕೆರೆದು ನೋಡಿ, ಒಳಗೆ ಹಸಿರಿದ್ದರೆ ಜೀವ ಇದೆ.